ಮೇಷ್ಟ್ರಿಗೊಂದು ಪ್ರಶ್ನೆ: ಜೈಲಿಂದ ಬಂದೋರಿಗೆ ಗುಡ್ಡದ ಹುಚ್ಚು ಯಾಕೆ?

ಹೋದ ತಿಂಗಳು ಇದೇ ಪುಟದಲ್ಲಿ, ಜೈಲಿಂದ ಬಿಡುಗಡೆ ಆದೋರಿಗೆ ಊರಲ್ಲಿ ಒಂದು ಕೆಲಸ ಕೊಡಿ ಅಂತ ಯಾರಿಗೋ ಉತ್ತರ ಬರೆದಿದ್ದೆ. ನಾನು 22 ವರ್ಷ ಜೈಲಲ್ಲಿ ಮೇಷ್ಟ್ರಾಗಿದ್ದೋನು ಅನ್ನೋದು ಬಹಳ ಜನಕ್ಕೆ ಗೊತ್ತಿರ್ಲಿಲ್ಲ ಅಂತ ಕಾಣತ್ತೆ, ಈ ತಿಂಗಳು ಬಂದ ಕಾಗದ ವಾಟ್ಸಾಪ್ ಎಲ್ಲಾ ಸೇರಿ ಮುಕ್ಕಾಲು ಪಾಲು ಜೈಲಿನದ್ದೇ. ಮಧುಮೇಹ, ಸೊಸೆ, ಸೈಟು, ಜಾತಕದ ಪ್ರಶ್ನೆ ಕಳಿಸಿದೋರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ. ಜಾತಕದೋರು ಕಾಯೋದೂ ಬೇಡ, ನನಗೆ ಅದು ಬರಲ್ಲ.

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ಹೆಸರು ಹಾಕ್ಬೇಡಿ, ತೀರ್ಥಹಳ್ಳಿ ಕಡೆಯವನು ಅಂತ ಬೇಕಾದ್ರೆ ಹಾಕಿ. ಕೊಲೆ ಕೇಸಲ್ಲಿ 15 ವರ್ಷ 8 ತಿಂಗಳು ಒಳಗಿದ್ದು ಸನ್ನಡತೆ ಮೇಲೆ ಹೊರಗೆ ಬಂದು ಒಂದು ವರ್ಷ ಆಯ್ತು. ಬಂದ ದಿನ ಜೋರು ಮಳೆ, ಬಸ್ಸು ತುಂಗೆ ಸೇತುವೆ ಹತ್ರ ಬಂದಾಗ ನನಗೆ ಎಂತ ಆಯ್ತೋ ಗೊತ್ತಿಲ್ಲ ಇಳಿದುಬಿಟ್ಟೆ, ಕೆಂಪು ನೀರು ಹೋಗೋದನ್ನ ನೋಡ್ತಾ ಒಂದು ಗಂಟೆ ನೆನೀತಾ ನಿಂತಿದ್ದೆ, ಒಳಗೆ ನಡಿ ಅನ್ನೋರು ಯಾರೂ ಇರ್ಲಿಲ್ಲ. ಅಲ್ಲಿಂದ ಶುರು ಆಗಿದ್ದು. ಈಗ ದಿನಾ ಬೆಳಗಾಗೋದ್ರೊಳಗೆ ಮನೆ ಹಿಂದಿನ ಬ್ಯಾಣ (ಹುಲ್ಲುಗಾವಲು) ಹತ್ತಿ ಗುಡ್ಡದ ನೆತ್ತಿಗೆ ಹೋಗಿ ಕೂರ್ತೀನಿ, ವಾಪಸ್ ಬರೋದು ಮಧ್ಯಾಹ್ನ ಊಟಕ್ಕೆ. ಉಂಬಳ (ಜಿಗಣೆ) ಕಚ್ಚಿದ್ರೂ ಗೊತ್ತಾಗಲ್ಲ. ರಾತ್ರಿ ಕೋಣೇಲಿ ನಿದ್ದೆ ಬರಲ್ಲ, ಜಗುಲೀಲಿ ಮಲಗ್ತೀನಿ, ನೆಂಟರು ಬಂದಾಗ ತಮ್ಮನಿಗೆ ಮುಜುಗರ. ದೀಪಾವಳಿ ಅಮಾವಾಸ್ಯೆ ರಾತ್ರಿ ಅಂಗಳದಲ್ಲಿ ನಿಂತು ಮೇಲೆ ನೋಡಿದೆ, ಅಷ್ಟೊಂದು ನಕ್ಷತ್ರ, ತಲೆ ತಿರುಗಿ ಕೂತುಬಿಟ್ಟೆ. ಇನ್ನೊಂದು ಹೇಳೋಕೆ ನಾಚಿಕೆ ಆಗತ್ತೆ, ಬಾಗಿಲು ಮುಚ್ಚಿದ್ರೆ ನಾನು ಅದರ ಮುಂದೆ ಹೋಗಿ ಸುಮ್ನೆ ನಿಂತ್ಕೋತೀನಿ, ಯಾರಾದ್ರೂ ತೆಗೆಯೋವರೆಗೆ. ಕಾಡಲ್ಲಿ ಬಾಗಿಲಿಲ್ಲ, ಅದಕ್ಕೆ ಅಲ್ಲಿ ಸಲೀಸು. ತಮ್ಮನ ಹೆಂಡ್ತಿ ಭಾವನಿಗೆ ಗಾಳಿ ಹಿಡಿದಿದೆ, ಎಲ್ಲಾದ್ರೂ ತೋರ್ಸಿ ಅಂತಿದಾಳೆ. ಅಮ್ಮನಿಗೆ 74, ಏನೂ ಹೇಳಲ್ಲ, ನಾನು ಗುಡ್ಡದಿಂದ ಇಳಿದು ಬರೋವರೆಗೆ ಊಟ ಮಾಡದೆ ಕಾಯ್ತಾರೆ. ನಾನು ಕೆಟ್ಟುಹೋಗಿದೀನಾ ಮೇಷ್ಟ್ರೇ?

ಉತ್ತರ: ಇಲ್ಲ ಮಾರಾಯ್ರೆ. ನಿಮ್ಮ ಕಾಗದ ಓದ್ತಾ ಓದ್ತಾ ನನಗೆ ನನ್ನ ಕ್ಲಾಸಲ್ಲಿದ್ದ ಒಬ್ಬ ಮುದುಕ ನೆನಪಾದ. ಅಕ್ಷರ ಕಲಿಯೋಕೆ ಬರ್ತಿದ್ದ, ಒಂದು ದಿನ ಸ್ಲೇಟು ಕೆಳಗಿಟ್ಟು, ಮೇಷ್ಟ್ರೇ ನಿನ್ನೆ ಹುಣ್ಣಿಮೆ ಅಲ್ವಾ, ಹೇಗಿತ್ತು ಹೇಳಿ ಅಂದ. ಕ್ಯಾಲೆಂಡರು ಗೋಡೆ ಮೇಲೇ ಇತ್ತು, ಹುಣ್ಣಿಮೆ ಯಾವತ್ತು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ರೆ ಸಂಜೆ ಆರು ಆರೂವರೆಗೆ ತಲೆ ಎಣಿಸಿ ಬ್ಯಾರಕ್ಕಿಗೆ ಬೀಗ ಹಾಕಿದ್ರೆ ಮತ್ತೆ ತೆಗೆಯೋದು ಬೆಳಗಾದ ಮೇಲೆ, ಹಾಗಾಗಿ ಒಳಗಿರೋರಿಗೆ ರಾತ್ರಿಯ ಆಕಾಶ ಅನ್ನೋದೇ ಇರಲ್ಲ, ಕಿಟಕಿ ಸರಳಿನ ಮಧ್ಯೆ ಒಂದು ತುಂಡು ಕಂಡ್ರೆ ಅದೇ ಪುಣ್ಯ. ಜೈಲು ಅಂದ್ರೆ ಹೊರಗಿನ ಜನ ಕಂಬಿ, ಮುದ್ದೆ, ಚಾಕರಿ ಅಂತ ಯೋಚಿಸ್ತಾರೆ, ಕತ್ತಲೆನೂ ಕಿತ್ಕೋತಾರೆ ಅಂತ ಯಾರಿಗೂ ಹೊಳೆಯಲ್ಲ. ಬ್ಯಾರಕ್ಕಲ್ಲಿ ರಾತ್ರಿಯಿಡೀ ಲೈಟ್ ಉರೀತಿರತ್ತೆ. ನೀವು 15 ವರ್ಷದ ನಕ್ಷತ್ರ ಒಂದೇ ರಾತ್ರಿ ನೋಡಿದ್ರಿ, ತಲೆ ತಿರುಗದೇ ಇನ್ನೇನಾಗತ್ತೆ?

ಬಾಗಿಲ ವಿಷಯಕ್ಕೆ ನಾಚಿಕೆ ಬೇಡ. ನಾನೇ, ಸಂಬಳ ತಗೊಂಡು ಬೆಳಗ್ಗೆ ಹೋಗಿ ಸಂಜೆ ಬರ್ತಿದ್ದೋನು, ರಿಟೈರ್ ಆದ ಮೇಲೆ ಬ್ಯಾಂಕಿನ ಬಾಗಿಲ ಮುಂದೆ ಗಾರ್ಡ್ ಮುಖ ನೋಡ್ತಾ ನಿಂತಿದ್ದೆ, ಅವನು ಸಾರ್ ತಳ್ಳಿ ಅಂದ. ಒಳಗೆ ಯಾವ ಬಾಗಿಲೂ ನಮ್ಮದಲ್ಲ, ಕೈ ಅದನ್ನ ಕಲಿತುಬಿಟ್ಟಿರತ್ತೆ. ಕಲಿತಿದ್ದನ್ನ ಬಿಡಿಸೋಕೆ ಒಂದು ಕೆಲಸ ಮಾಡಿ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆಯೋದು, ರಾತ್ರಿ ಹೆಬ್ಬಾಗಿಲ ಅಗಳಿ ಹಾಕೋದು ಇನ್ಮೇಲೆ ನಿಮ್ಮ ಜವಾಬ್ದಾರಿ ಅಂತ ತಮ್ಮನಿಗೆ ಹೇಳಿ. ಬಾಗಿಲು ಹಾಕೋನು ನೀವೇ ಆದ್ರೆ ಅದರ ಒಳಗೆ ಮಲಗೋದು ಬೇರೆ ಥರ ಇರತ್ತೆ. ಅಲ್ಲಿವರೆಗೆ ಜಗುಲೀಲೇ ಮಲಗಿ, ಸೊಳ್ಳೆಪರದೆ ಕಟ್ಕೊಳ್ಳಿ, ಕಂಬಳಿ ಹೊದ್ಕೊಳ್ಳಿ. ಮಲೆನಾಡಲ್ಲಿ ಜಗುಲೀಲಿ ಮಲಗೋದು ಯಾವತ್ತಿಂದ ಹುಚ್ಚಾಯ್ತು ಅಂತ ನಿಮ್ಮ ನೆಂಟರನ್ನ ಕೇಳಿ, ಅವರ ಅಜ್ಜ ಎಲ್ಲಿ ಮಲಗ್ತಿದ್ರಂತೆ?

ಸೇತುವೆ ಮೇಲೆ ಮಳೇಲಿ ನಿಂತಿದ್ದಕ್ಕೆ ನಿಮಗೊಬ್ಬ ಜೊತೆಗಾರ ಇದ್ದಾನೆ. ದಕ್ಷಿಣ ಆಫ್ರಿಕಾದಲ್ಲಿ ಆಲ್ಬಿ ಸ್ಯಾಕ್ಸ್ ಅಂತ ಒಬ್ಬ ವಕೀಲರು, ಬಿಳಿಯರೇ ಆದ್ರೂ ಅಲ್ಲಿನ ವರ್ಣಭೇದದ ಸರ್ಕಾರದ ವಿರುದ್ಧ ನಿಂತಿದ್ರು ಅಂತ 1963ರಲ್ಲಿ ಹಿಡಿದು 168 ದಿನ ಒಂಟಿ ಕೋಣೇಲಿ ಇಟ್ಟಿದ್ರು. ಬಿಟ್ಟ ದಿನ ಅವರು ಕೇಪ್ ಟೌನಿನ ಬೀದೀಲಿ ಓಡ್ತಾ ಓಡ್ತಾ ಕ್ಲಿಫ್ಟನ್ ಅನ್ನೋ ಬೀಚಿಗೆ ಹೋಗಿ ಹಾಕಿದ್ದ ಬಟ್ಟೇಲೇ ಸಮುದ್ರಕ್ಕೆ ಬಿದ್ರು. ಮುಂದೆ ಅದೇ ದೇಶದ ಸಂವಿಧಾನ ಕೋರ್ಟಿಗೆ ಅವರೇ ಜಡ್ಜ್ ಆದ್ರು. ಇಷ್ಟಕ್ಕೂ ಅವರದ್ದು 168 ದಿನ, ನಿಮ್ಮದು 15 ವರ್ಷ, ನೀವು ಒಂದು ಗಂಟೆ ನೆನೆದಿದ್ದು ಕಮ್ಮಿನೇ ಆಯ್ತು.

ಈಗ ನಿಮಗೆ ಹಿಡಿಸದ ಮಾತು. ಗುಡ್ಡ ಹತ್ತೋದು ತಪ್ಪಲ್ಲ, ಒಂದು ವರ್ಷ ಆದ್ಮೇಲೂ ದಿನಾ ಮಧ್ಯಾಹ್ನದವರೆಗೆ ಅಲ್ಲೇ ಕೂರ್ತೀನಿ ಅಂದ್ರೆ ಆಗ ನಾನು ಒಂದು ಪ್ರಶ್ನೆ ಕೇಳ್ತೀನಿ, ಗುಡ್ಡ ಬೇಕು ಅಂತ ಹೋಗ್ತಿದೀರೋ ಕೆಳಗಿನ ಜನ ಬೇಡ ಅಂತ ಹೋಗ್ತಿದೀರೋ? ನಿಮ್ಮ ಕಾಗದದಲ್ಲಿ ಹೊಳೆ ಇದೆ, ಉಂಬಳ ಇದೆ, ನಕ್ಷತ್ರ ಇದೆ, ಪೇಟೆ ಇಲ್ಲ, ಗೆಳೆಯರಿಲ್ಲ, ಟೀ ಅಂಗಡಿ ಇಲ್ಲ. ಗುಡ್ಡ ನಿಮ್ಮನ್ನ ಏನೂ ಕೇಳಲ್ಲ, ಟೀ ಅಂಗಡೀಲಿ ಯಾರೋ ಒಬ್ಬ ಕೇಳೇ ಕೇಳ್ತಾನೆ, ಅದಕ್ಕೆ ತಾನೆ? ಇದು ನನಗೆ ಅರ್ಥ ಆಗತ್ತೆ. ಆದ್ರೆ ಹಸಿದು ಕೂತಿರೋ ಅಮ್ಮನ್ನ ನೋಡಿದ್ರೆ ನೀವು ಒಂದು ಬ್ಯಾರಕ್ ಬಿಟ್ಟು ಇನ್ನೊಂದಕ್ಕೆ ಹೋಗಿದೀರ ಅನ್ಸತ್ತೆ, ಇದಕ್ಕೆ ಗೋಡೆ ಇಲ್ಲ ಅಷ್ಟೆ.

ಹಾಗಂತ ನಾಳೆನೇ ಪೇಟೆಗೆ ಹೋಗಿ ಎಲ್ಲರ ಮುಂದೆ ಕೂತ್ಕೊಳ್ಳಿ ಅಂತ ಹೇಳಲ್ಲ. ನಿಮ್ಮ ಕಡೆ ಅದಕ್ಕೆ ಒಂದು ಒಳ್ಳೆ ದಾರಿ ಇದೆ. ಅಡಿಕೆ ಕೊಯ್ಲು ಶುರು ಆದ್ರೆ ರಾತ್ರಿ ಸುಲಿಯೋಕೆ ಕೂರ್ತಾರಲ್ಲ, ಸಾಲಾಗಿ ಮೆಟ್ಟುಗತ್ತಿ ಇಟ್ಕೊಂಡು, ಅಲ್ಲಿ ಹೋಗಿ ಕೂತ್ಕೊಳ್ಳಿ. ಎಲ್ಲರ ಕಣ್ಣೂ ಕತ್ತಿ ಮೇಲೆ, ಯಾರ ಮುಖ ಯಾರೂ ನೋಡಲ್ಲ, ಕೈಗೆ ಕೆಲಸ ಇರತ್ತೆ, ಮಾತು ಅದರ ಪಾಡಿಗೆ ಯಾರದೋ ಮದುವೆ, ಯಾರದೋ ಕೊಳೆ ರೋಗ, ಯಾರದೋ ರೇಟು ಅಂತ ಹೋಗ್ತಿರತ್ತೆ. ನೀವು ನಾಲ್ಕು ದಿನ ಬಾಯಿ ಬಿಡದೇ ಇದ್ರೂ ನಡೆಯತ್ತೆ. ಐದನೇ ದಿನ ಯಾರೋ ಎಂತಾ ಮಾರಾಯ ನಿನ್ನ ರಾಶಿ ಇಷ್ಟೇನಾ ಅಂತಾರೆ, ಅಲ್ಲಿಗೆ ನೀವು ಊರಿನೋರು ಆದ್ರಿ. ಜೈಲಲ್ಲಿ ತೋಟದ ಕೆಲಸದ ಗ್ಯಾಂಗಲ್ಲಿದ್ದೆ ಅಂತ ಕಾಗದದ ಕೊನೇಲಿ ಸಣ್ಣದಾಗಿ ಬರೆದಿದೀರ (ಅದನ್ನ ಮೇಲೆ ಹಾಕಿಲ್ಲ), ಹಾಗಿದ್ರೆ ಮಣ್ಣಿನ ಕೆಲಸ ಕೈಗೆ ಹೊಸದಲ್ಲ, ತಮ್ಮನ ತೋಟದ ಒಂದು ಮೂಲೆ ಕೇಳಿ ಇಸ್ಕೊಳ್ಳಿ, ಏನು ಹಾಕ್ಬೇಕು ಅಂತ ನೀವೇ ತೀರ್ಮಾನ ಮಾಡಿ, ತಪ್ಪಾದ್ರೂ ನಿಮ್ಮದೇ ಇರ್ಲಿ.

ಗುಡ್ಡದಲ್ಲಿ ಕೂರೋದು ಬೆಳಗ್ಗೆ ಎಂಟರವರೆಗೆ ಮಾತ್ರ. ಎಂಟಕ್ಕೆ ಇಳಿದು ಅಮ್ಮನ ಜೊತೆ ತಿಂಡಿ.

ನಿದ್ದೆ ಪೂರ್ತಿ ಕೆಟ್ರೆ, ಊಟ ಸೇರದೇ ಹೋದ್ರೆ, ಬದುಕಿ ಏನು ಅನ್ನೋ ಯೋಚನೆ ಬಂದ್ರೆ ಗುಡ್ಡ ಸಾಲಲ್ಲ, ಡಾಕ್ಟರ್ ಬೇಕು. ಟೆಲಿಮಾನಸ್ ಅಂತ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ತಾಲ್ಲೂಕು ಆಸ್ಪತ್ರೇಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರತ್ತೆ, ತಿಂಗಳಲ್ಲಿ ಯಾವ ಮಂಗಳವಾರ ಅಂತ ಮೊದಲು ಕೇಳ್ಕೊಂಡು ಹೋಗಿ. ತಮ್ಮನ ಹೆಂಡ್ತಿ ತೋರ್ಸಿ ಅಂದಿದ್ದು ಅಕ್ಕರೆಯಿಂದಲೇ, ಗಾಳಿ ಬಿಡಿಸೋರ ಹತ್ರ ಮಾತ್ರ ಬೇಡ.

ಪ್ರಶ್ನೆ: ಸರ್, ಗೋಡೆ ಇಲ್ಲದ ಜೈಲು ಕರ್ನಾಟಕದಲ್ಲಿ ಇದೆಯಂತೆ ನಿಜಾನಾ? ಕೋರಮಂಗಲದಲ್ಲಿದೆ ಅಂತ ಫ್ರೆಂಡ್ ಹೇಳ್ದ, ನಾನು ದಿನಾ ಕೋರಮಂಗಲಕ್ಕೆ ಕೆಲಸಕ್ಕೆ ಹೋಗ್ತೀನಿ ಎಲ್ಲೂ ಕಂಡಿಲ್ಲ. (ಚಿಕ್ಕಬಳ್ಳಾಪುರ)

ಉತ್ತರ: ನಿಮ್ಮ ಫ್ರೆಂಡ್ ಸರಿ, ನೀವೂ ಸರಿ. ಅದು ಪಬ್ಬುಗಳ ಕೋರಮಂಗಲ ಅಲ್ಲ, ದೇವನಹಳ್ಳಿ ತಾಲ್ಲೂಕಿನ ಕೋರಮಂಗಲ ಅನ್ನೋ ಹಳ್ಳಿ, ನಿಮ್ಮ ಮನೆಗೇ ಹತ್ರ. ಬಯಲು ಬಂದೀಖಾನೆ ಅಂತಾರೆ. ಸಜಾ ಆಗಿ ಬಹಳ ವರ್ಷ ಒಳಗಿದ್ದು ನಡತೆ ಚೆನ್ನಾಗಿರೋರನ್ನ ಆರಿಸಿ ಅಲ್ಲಿಗೆ ಕಳಿಸ್ತಾರೆ, ಹೊಲದ ಕೆಲಸ ಇರತ್ತೆ. ಅಲ್ಲಿಗೆ ಹೋಗಿ ಬಂದ ಒಬ್ಬ ನನಗೆ ಹೇಳಿದ್ದು, ಮೊದಲ ವಾರ ಹೊಲದಲ್ಲಿ ಹತ್ತು ಹೆಜ್ಜೆಗೊಂದು ಸಲ ಹಿಂದೆ ತಿರುಗಿ ವಾರ್ಡರ್ ಎಲ್ಲಿ ಅಂತ ನೋಡ್ತಿದ್ನಂತೆ. ಇಂಥ ಜೈಲು ಇನ್ನೂ ನಾಲ್ಕು ಬೇಕಿತ್ತು ಅಂತ ನನಗೆ ಅನ್ಸತ್ತೆ, ನೇರ ಎತ್ತರದ ಗೋಡೆಯಿಂದ ಬಸ್ ಸ್ಟಾಂಡಿಗೆ ತಂದು ಬಿಟ್ರೆ ಮನುಷ್ಯ ಗಾಬರಿ ಬೀಳ್ತಾನೆ.

ಬೆಂಗಳೂರಲ್ಲಿ ಇನ್ನೊಂದು ತಮಾಷೆ ಇದೆ. ಶೇಷಾದ್ರಿ ರಸ್ತೆ ಹತ್ರದ ಫ್ರೀಡಂ ಪಾರ್ಕ್ ಹಳೇ ಸೆಂಟ್ರಲ್ ಜೈಲು. ಎಮರ್ಜೆನ್ಸಿ ಕಾಲದಲ್ಲಿ ವಾಜಪೇಯಿ, ಅಡ್ವಾಣಿ, ನಟಿ ಸ್ನೇಹಲತಾ ರೆಡ್ಡಿ ಎಲ್ಲಾ ಅಲ್ಲೇ ಇದ್ದೋರು, ಸ್ನೇಹಲತಾ ಅವರಂತೂ ಹೊರಗೆ ಬಂದ ಸ್ವಲ್ಪ ದಿನಕ್ಕೇ 1977ರ ಜನವರೀಲಿ ತೀರ್ಕೊಂಡ್ರು. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ್ರು, 2008ರಲ್ಲಿ ಜಾಗ ಪಾರ್ಕ್ ಆಯ್ತು. ಮಧ್ಯದ ಕಾವಲು ಗೋಪುರ ಹಾಗೇ ಬಿಟ್ಟಿದ್ದಾರೆ, ಅದರ ಸುತ್ತ ಜನ ವಾಕಿಂಗ್ ಮಾಡ್ತಾರೆ. ನಾನು ಹೋದಾಗ ಗೋಪುರದ ನೆರಳಲ್ಲಿ ಒಬ್ಬ ಸೊಂಪಾಗಿ ಮಲಗಿದ್ದ.

ಪ್ರಶ್ನೆ: ಕೊಲೆ ಮಾಡಿದೋರಿಗೆ ಕೆಲಸ ಕೊಡಿ, ಪ್ರೀತಿ ಕೊಡಿ ಅಂತ ಬರೀತೀರಲ್ಲ, ಸತ್ತೋನ ಮನೆಯೋರು ಏನು ಮಾಡ್ಬೇಕು? ಅವರಿಗೆ ಯಾರ ಕೆಲಸ, ಯಾರ ಪ್ರೀತಿ? 14 ವರ್ಷ ಆದ್ರೆ ಬಿಟ್ಟುಬಿಡೋದು ಯಾವ ನ್ಯಾಯ? (ಹಾಸನ)

ಉತ್ತರ: ನ್ಯಾಯವಾದ ಪ್ರಶ್ನೆ. ಮೊದಲು ಕಾನೂನು. 14 ವರ್ಷ ಆದ್ರೆ ತಾನಾಗೇ ಬಿಡ್ತಾರೆ ಅನ್ನೋದು ಊರ ಮಾತು. ಜೀವಾವಧಿ ಅಂದ್ರೆ ಜೀವ ಇರೋವರೆಗೆ. ಗಲ್ಲು ಕೂಡ ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ರೆ 14 ವರ್ಷ ಮುಗಿಯೋ ತನಕ ಸರ್ಕಾರ ಕ್ಷಮಾಪಣೆ ಲೆಕ್ಕದಲ್ಲಿ ಬಿಡೋ ಹಾಗೇ ಇಲ್ಲ, ಮುಗಿದ ಮೇಲೂ ಬಿಡಲೇಬೇಕು ಅಂತಿಲ್ಲ, ಪೊಲೀಸ್ ವರದಿ ಅದು ಇದು ನೋಡಿ, ಶಿಕ್ಷೆ ಕೊಟ್ಟ ಕೋರ್ಟಿನ ಅಭಿಪ್ರಾಯ ಕೇಳಿ ತೀರ್ಮಾನ ಮಾಡ್ತಾರೆ. ಷರತ್ತು ಹಾಕಿ ಬಿಟ್ಟಿದ್ರೆ, ಅದನ್ನ ಮುರಿದ್ರೆ ವಾಪಸ್ ಒಳಗೆ.

ಇನ್ನು ನಿಮ್ಮ ಅಸಲು ಪ್ರಶ್ನೆ. ಬಹಳ ಹಿಂದೆ ಒಬ್ಬ ಹೆಂಗಸು ನನ್ನ ಮನೆಗೇ ಬಂದಿದ್ರು, ಗಂಡನ್ನ ಕೊಂದೋನು ನನ್ನ ಸ್ಟೂಡೆಂಟ್ ಆಗಿದ್ದ. ಬೈಯ್ಯೋಕೆ ಬಂದಿರಬೇಕು ಅಂದ್ಕೊಂಡೆ. ಬೈಲಿಲ್ಲ. ಮೇಷ್ಟ್ರೇ, ಬಸ್ ಸ್ಟಾಂಡಲ್ಲಿ ಅವನು ಎದುರಿಗೆ ಬಂದ, ನಾನು ದಾರಿ ಬಿಟ್ಟು ಪಕ್ಕಕ್ಕೆ ನಿಂತೆ, ನಾನು ಯಾಕೆ ದಾರಿ ಬಿಡ್ಬೇಕಿತ್ತು ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ, ಕಾಫಿ ಕೊಟ್ಟೆ, ಕುಡಿದು ಹೋದ್ರು. ಅವತ್ತಿಂದ ಹೊರಗೆ ಬಂದೋರು ಯಾರೇ ಸಿಕ್ಕಿದ್ರೂ ಇದೊಂದು ಹೇಳ್ತೀನಿ, ಆ ಮನೆಯೋರು ಎದುರಿಗೆ ಬಂದ್ರೆ ದಾರಿ ಬಿಡಬೇಕಾದೋನು ನೀನು, ಅವರು ಹೋಗೋ ಹೋಟ್ಲು, ಅವರು ಹೋಗೋ ಜಾತ್ರೆ ನಿನಗಲ್ಲ. ಮೇಲೆ ಬರೆದಿರೋ ತೀರ್ಥಹಳ್ಳಿ ಕಡೆಯವರ ಕಾಗದ ನಾನು ಮೂರು ಸಲ ಓದಿದೆ, ಸತ್ತೋನ ಬಗ್ಗೆ ಒಂದು ಸಾಲೂ ಇಲ್ಲ. ಬಹುಶಃ ಗುಡ್ಡದ ಮೇಲೆ ಅದನ್ನೇ ಯೋಚಿಸ್ತಾ ಕೂರ್ತಾರೋ ಏನೋ. ಹಾಗಂತ ಅವರು ಇನ್ನು ಆಕಾಶ ನೋಡಲೇಬಾರದು ಅಂತ ನನಗೆ ಹೇಳೋಕೆ ಬಾಯಿ ಬರಲ್ಲ. ನಿಮಗೆ ಈ ಉತ್ತರ ಸಮಾಧಾನ ತರಲ್ಲ ಅಂತ ಗೊತ್ತು.

ಪ್ರಶ್ನೆ: ಗುರುಗಳೇ, ನಮ್ಮ ಚಿಕ್ಕಪ್ಪ ಷರತ್ತಿನ ಮೇಲೆ ರಿಲೀಸ್ ಆಗಿ ಬಂದಿದಾರೆ. ಕಾಡು ಅಂದ್ರೆ ಪ್ರಾಣ. ನಾವು ಹುಡುಗ್ರು ಅವರನ್ನ ಕುದುರೆಮುಖ ಟ್ರೆಕ್ಕಿಂಗ್ ಕರ್ಕೊಂಡು ಹೋಗೋಣ ಅಂತಿದೀವಿ, ಅವರ ಹಳೇ ಗೆಳೆಯರು ಹಂದಿ ಶಿಕಾರಿಗೆ ಕರೀತಿದಾರೆ. ಏನಾದ್ರೂ ತೊಂದರೆ ಇದೆಯಾ? (ಮೂಡಿಗೆರೆ)

ಉತ್ತರ: ಶಿಕಾರಿ ಅನ್ನೋ ಪದ ಓದಿ ನನ್ನ ಎದೆ ಧಸಕ್ ಅಂತು. ಬೇಡವೇ ಬೇಡ. ಕಾಡುಹಂದಿ ಹೊಡೆಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಊರಲ್ಲಿ ಎಲ್ಲರೂ ತಿಂತಾರೆ ಅನ್ನೋದು ಕೋರ್ಟಲ್ಲಿ ನಡೆಯಲ್ಲ. ಬೇರೆಯೋರಿಗೆ ಅದು ಒಂದು ಕೇಸು, ನಿಮ್ಮ ಚಿಕ್ಕಪ್ಪನಿಗೆ ಅದು ಇಡೀ ಬಿಡುಗಡೆಯೇ ರದ್ದಾಗೋ ವಿಷಯ. ಕೋವಿ ಹಿಡಿದೋರ ಜೀಪಲ್ಲಿ ಸುಮ್ನೆ ಹಿಂದೆ ಕೂತಿದ್ರೂ ಸಾಕು. ಆ ಗೆಳೆಯರು ಅಷ್ಟು ವರ್ಷದಲ್ಲಿ ಎಷ್ಟು ಸಲ ಜೈಲಿಗೆ ಬಂದು ನೋಡಿದ್ರು ಅಂತ ಒಂದು ಸಲ ಕೇಳಿ.

ಟ್ರೆಕ್ಕಿಂಗ್ ಮಾಡಿ, ಚೆನ್ನಾಗಿರತ್ತೆ. ಕುದುರೆಮುಖ ನ್ಯಾಷನಲ್ ಪಾರ್ಕು, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡೋ ಹಾಗಿಲ್ಲ, ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಿ, ಐಡಿ ಕಾರ್ಡ್ ಬೇಕು. ಹೋಗೋ ಮುಂಚೆ ಬಿಡುಗಡೆ ಆದೇಶದ ಪ್ರತಿ ತೆಗೆದು ಒಂದೊಂದೇ ಷರತ್ತು ಓದಿ, ಠಾಣೆಗೆ ಹೋಗಿ ಸಹಿ ಹಾಕೋ ದಿನ ಯಾವುದು, ಊರು ಬಿಡೋ ಮುಂಚೆ ತಿಳಿಸಬೇಕಾ, ಎಲ್ಲಾ ನೋಡ್ಕೊಳ್ಳಿ. ಅರ್ಥ ಆಗ್ಲಿಲ್ಲ ಅಂದ್ರೆ ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಆಫೀಸಿದೆ, ಅಲ್ಲಿ ಕೇಳಿ. ಹತ್ತುವಾಗ ಅವರನ್ನ ಮುಂದೆ ಬಿಡಿ. ಎಷ್ಟು ಹೊತ್ತಿಗೆ ಕೂರಬೇಕು, ಎಷ್ಟು ಹೊತ್ತಿಗೆ ಏಳಬೇಕು ಅಂತ ಅವರೇ ಹೇಳ್ಲಿ, ನೀವು ಗೈಡ್ ಥರ ಬನ್ನಿ ಬನ್ನಿ ಅನ್ಬೇಡಿ, ಅದನ್ನ ಅವರು ಸಾಕಷ್ಟು ಕೇಳಿದಾರೆ.

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ಮ ಮನ್ಯಾನವರು 3 ವರ್ಷ ಒಳಗಿದ್ರು, ಕಡೀಕ ಇವರದೇನೂ ತಪ್ಪಿಲ್ಲ ಅಂತ ಕೋರ್ಟೇ ಬಿಟ್ತು. ಬಂದಾಗಿಂದ ಮನ್ಯಾಗ ನಿಲ್ಲವಲ್ರು. ಹೊಲದಾಗಿನ ಗುಡಿಸಲದಾಗ ಇರ್ತಾರ, ಬನ್ನಿ ಗಿಡದ ಬುಡಕ ಕುಂತು ಜ್ವಾಳದ ಬೆಳಿ ನೋಡ್ಕೋತ ಇರ್ತಾರ, ಬುತ್ತಿ ಕೊಟ್ಟು ಕಳಿಸಿದ್ರ ಉಣ್ತಾರ, ಮಾತಿಲ್ಲ ಕತಿಯಿಲ್ಲ. ಮಗಳು ಹುಟ್ಟಿದಾಗ ಒಳಗಿದ್ರು, ಕೂಸು ಇವರನ್ನ ನೋಡಿದ್ರ ಅಳ್ತೈತಿ. ಮನಿಗೆ ಹೆಂಗ ಕರ್ಕೊಂಡ್ ಬರ್ಲಿ? (ಯಲಬುರ್ಗಾ ತಾಲ್ಲೂಕು)

ಉತ್ತರ: ತಂಗೀ, ನಿಮ್ಮ ಯಜಮಾನರ ಸಂಕಟ ಸಜಾ ಆದೋರಿಗಿಂತ ಬೇರೆ. ಸಜಾ ಆದೋನಿಗೆ ಯಾಕೆ ಒಳಗಿದ್ದೆ ಅಂತ ಗೊತ್ತಿರತ್ತೆ, ಇಷ್ಟು ವರ್ಷ ಅಂತ ಒಂದು ಲೆಕ್ಕನೂ ಇರತ್ತೆ. ವಿಚಾರಣಾಧೀನ ಅಂದ್ರೆ ಪ್ರತಿ ವಾಯ್ದೆಗೂ ಇವತ್ತು ಬಿಡ್ತಾರೆ ಅಂತ ಹೋಗೋದು, ಮುಂದಿನ ತಾರೀಖು ತಗೊಂಡು ವ್ಯಾನ್ ಹತ್ತಿ ವಾಪಸ್ ಬರೋದು. ಮೂರು ವರ್ಷ ಅದನ್ನೇ ಮಾಡಿ ಕೊನೆಗೆ ನಿಂದೇನೂ ತಪ್ಪಿಲ್ಲ ಹೋಗಪ್ಪಾ ಅಂದ್ರೆ ಆ ಸಿಟ್ಟು ಯಾರ ಮೇಲೆ ತೀರಿಸೋದು? ಹೊಲದ ಮೇಲೆ ಸಿಟ್ಟಾಗೋಕಾಗಲ್ಲ, ಅದಕ್ಕೇ ಅಲ್ಲಿ ಕೂತಿದಾರೆ ಅಂತ ನನಗೆ ಕಾಣತ್ತೆ. ಮನೇಲಿ ನಾಲ್ಕು ಗೋಡೆ, ಒಂದು ಬಲ್ಬು, ಯಾವಾಗ್ಲೂ ಯಾರೋ ಒಬ್ಬರು ನೋಡ್ತಿರ್ತಾರೆ. ಹೊಲದಲ್ಲಿ ಆ ಕಪ್ಪು ಮಣ್ಣು ಕಣ್ಣು ಹರಿಯೋವರೆಗೆ ಬಯಲು.

ಅವರನ್ನ ಮನೆಗೆ ಕರೀಬೇಡಿ. ನೀವೇ ಹೊಲಕ್ಕೆ ಹೋಗಿ. ಬುತ್ತಿ ಕಳಿಸೋದು ನಿಲ್ಲಿಸಿ, ನೀವೇ ಕಟ್ಕೊಂಡು ಕೂಸನ್ನ ಬಗಲಲ್ಲಿ ಎತ್ಕೊಂಡು ಹೋಗಿ, ಅಲ್ಲೇ ಕೂತು ಮೂರೂ ಜನ ಉಣ್ಣಿ. ಮಾತಾಡ್ಸೋಕೆ ಹೋಗ್ಬೇಡಿ, ರೊಟ್ಟಿ ಮುರಿದು ಕೊಡಿ ಸಾಕು. ಕೂಸು ಮೊದಲ ದಿನ ಅಳತ್ತೆ, ಎರಡನೇ ದಿನ ಅಳತ್ತೆ, ಆಮೇಲೆ ಮಣ್ಣಿನ ಹೆಂಟೆ ಜೊತೆ ಆಡೋಕೆ ಶುರು ಮಾಡತ್ತೆ, ಮಕ್ಕಳಿಗೆ ಬಯಲಲ್ಲಿ ಹೊಸಬರ ಹೆದರಿಕೆ ಬೇಗ ಹೋಗತ್ತೆ. ಸೀತನಿ ಬಂದಾಗ ಅವರ ಕೈಲೇ ತೆನೆ ಸುಡಿಸಿ, ಉಜ್ಜಿ ಕೂಸಿನ ಅಂಗೈಗೆ ಅವರೇ ಹಾಕ್ಲಿ. ತಿಂಗಳು ಎರಡು ತಿಂಗಳು ಆದ್ರೂ ಹೀಗೇ ಮಾತಿಲ್ಲ ಅಂದ್ರೆ ಮೇಲೆ ಕೊಟ್ಟಿರೋ 14416ಕ್ಕೆ ನೀವು ಫೋನ್ ಮಾಡಿ, ಮನೆಯೋರು ಮಾಡಿದ್ರೂ ಮಾತಾಡ್ತಾರೆ.

ಎಳ್ಳ ಅಮಾಸಿ ದಿನ ಮಾತ್ರ ಮನೆಯೋರು ಬೀಗರು ಎಲ್ಲಾ ಸೇರಿ ಹೊಲಕ್ಕೆ ಹೋಗಿ, ನಿಮ್ಮ ಕಡೆ ಹೇಗೂ ಅವತ್ತು ಊರಿಗೆ ಊರೇ ಹೊಲದಲ್ಲಿರತ್ತೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಏನೇನು ಮಾಡ್ತೀರೋ ಮಾಡಿ. ಚರಗ ಚೆಲ್ಲೋ ಕೆಲಸ, ಅಂದ್ರೆ ಹೊಲಕ್ಕೆ ಎಡೆ ಎರಚೋದು, ಅವರಿಗೇ ಕೊಡಿ, ಮೈದುನನಿಗೆ ಬೇಡ. ಅದನ್ನ ಸುಮ್ನೆ ಚೆಲ್ಲೋ ಹಾಗಿಲ್ಲವಲ್ಲ, ಹೊಲದ ನಾಲ್ಕೂ ಬದುವಿಗೆ ಹೋಗಿ ಗಟ್ಟಿಯಾಗಿ ಕೂಗ್ತಾ ಚೆಲ್ಲಬೇಕು. ಅವರು ಮೂರು ವರ್ಷದಿಂದ ಕೂಗಿಲ್ಲ. ಮೊದಲ ಬದುವಲ್ಲಿ ದನಿ ಏಳದಿದ್ರೆ ಯಾರೂ ನಗಬೇಡಿ, ಇನ್ನೂ ಮೂರು ಬದು ಇರತ್ತೆ.